ಉಷ್ಣವಲಯದ ಕಡಲಜೀವಿಗಳ ಬಣ್ಣ ಯಾರ ಕಣ್ಣಿಗಾಗಿ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಉಷ್ಣವಲಯದ ಸಮುದ್ರಗಳ ಪ್ರಾಣಿಗಳು ಇಷ್ಟೊಂದು ಬಣ್ಣಬಣ್ಣವಾಗಿ, ವಿಚಿತ್ರವಾಗಿ ಇರುವುದೇಕೆ ಎಂಬುದು ಒಂದು. ಅಷ್ಟು ಎದ್ದು ಕಾಣುವ ಜೀವಿಗಳನ್ನು ದೊಡ್ಡ ಮೀನುಗಳು ತಿಂದು ಮುಗಿಸದೆ ಬಿಟ್ಟಿರುವುದು ಹೇಗೆ ಎಂಬುದು ಇನ್ನೊಂದು. ನಾನು ಪ್ರಾಣಿಶಾಸ್ತ್ರ ಓದಿದವಳು. ಕೆಲವು ವರ್ಷಗಳಿಂದ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿಯೂ ಅಂಡಮಾನಿನಲ್ಲಿಯೂ ಸ್ಕೂಬಾ ಡೈವಿಂಗ್ ಮಾಡುತ್ತ ಬಂದಿದ್ದೇನೆ. ಓದಿದ್ದನ್ನೂ ಕಂಡದ್ದನ್ನೂ ಸೇರಿಸಿ ಹೇಳುವುದಾದರೆ, ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ: ಆ ಬಣ್ಣವನ್ನು ಯಾರು, ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ ನೋಡುತ್ತಿದ್ದಾರೆ ಎಂಬುದರಲ್ಲಿ. ನಾವು ಟಿ.ವಿ.ಯಲ್ಲಿ ನೋಡಿ ಬೆರಗಾಗುವ ಚಿತ್ರಗಳನ್ನು ಪ್ರಬಲ ದೀಪ ಹಾಕಿ, ಬಹಳ ಹತ್ತಿರದಿಂದ, ಮನುಷ್ಯರ ಕಣ್ಣಿಗಾಗಿ ತೆಗೆದಿರುತ್ತಾರೆ. ಮೀನುಗಳ ನಿತ್ಯದ ಬದುಕಿನಲ್ಲಿ ಈ ಮೂರೂ ಇರುವುದಿಲ್ಲ.

ಮೊದಲು ಬೆಳಕಿನ ವಿಷಯ ನೋಡೋಣ. ನೀರು ಬಿಸಿಲಿನ ಎಲ್ಲ ಬಣ್ಣಗಳನ್ನೂ ಸಮನಾಗಿ ಒಳಗೆ ಬಿಡುವುದಿಲ್ಲ. ಎಲ್ಲಕ್ಕಿಂತ ಮೊದಲು ಕೆಂಪನ್ನು ಹೀರಿಕೊಳ್ಳುತ್ತದೆ, ಅನಂತರ ಕಿತ್ತಳೆಯನ್ನು, ಹಳದಿಯನ್ನು. ತಿಳಿಯಾದ ಸಮುದ್ರದಲ್ಲಿ ಅತಿ ಆಳಕ್ಕೆ ಇಳಿಯುವುದು ನೀಲಿ. 10 ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಕೆಂಪು ಬಹುಮಟ್ಟಿಗೆ ಇಲ್ಲವಾಗಿರುತ್ತದೆ. ಅಂಡಮಾನಿನ ಹವಳದ ದಿಬ್ಬಗಳ ಪೊಟರೆಗಳಲ್ಲಿ ಸೋಲ್ಜರ್‌ಫಿಶ್ ಎಂಬ ದೊಡ್ಡ ಕಣ್ಣಿನ ಮೀನುಗಳು ಹಗಲಿಡೀ ಗುಂಪಾಗಿ ನಿಂತಿರುತ್ತವೆ. ಬರಿಗಣ್ಣಿಗೆ ಅವು ಮಬ್ಬು ಬೂದು ಬಣ್ಣದ ನೆರಳುಗಳು. ಟಾರ್ಚ್ ಹಾಕಿದ ಕ್ಷಣ ಇಡೀ ಗುಂಪು ಕಡುಗೆಂಪಾಗುತ್ತದೆ. ಆ ಕೆಂಪು ತೋರಿದ್ದು ನಾವು ಒಯ್ದ ಬೆಳಕಿನಿಂದ. ಕೆಂಪು ಬೆಳಕೇ ತಲುಪದ ಜಾಗದಲ್ಲಿ ಕೆಂಪು ಮೈ ಪಡೆದಿರುವುದೆಂದರೆ ಕತ್ತಲಲ್ಲಿ ಕಪ್ಪಾಗಿರುವುದಕ್ಕೆ ಸಮ. ಇರುಳಲ್ಲಿ ಹೊರಗೆ ಬಂದು ಮೇಯುವ ಈ ಮೀನಿಗೆ ಅದಕ್ಕಿಂತ ಒಳ್ಳೆಯ ಮರೆ ಬೇರೊಂದಿಲ್ಲ.

ಹಳದಿ ಮತ್ತು ನೀಲಿಯ ಲೆಕ್ಕ ಬೇರೆ. ಹವಳದ ಮೀನುಗಳಲ್ಲಿ ಈ ಜೋಡಿ ಬಹಳ ಸಾಮಾನ್ಯ, ನಮ್ಮ ಕಣ್ಣಿಗೆ ಅದು ಅತ್ಯಂತ ಢಾಳಾದ ಜೋಡಿಯೂ ಹೌದು. ಮೀನುಗಳ ದೃಷ್ಟಿಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಜಸ್ಟಿನ್ ಮಾರ್ಷಲ್, ಈ ನೀಲಿಯು ಹಿನ್ನೆಲೆಯ ನೀರಿನೊಂದಿಗೂ ಹಳದಿಯು ಹವಳದ ದಿಬ್ಬದ ಒಟ್ಟಾರೆ ಬಣ್ಣದೊಂದಿಗೂ ಚೆನ್ನಾಗಿ ಹೊಂದುತ್ತವೆ ಎಂದು ತೋರಿಸಿದ್ದಾರೆ. ಪಟ್ಟೆಗಳು ಕಿರಿದಾಗಿದ್ದರೆ ಸ್ವಲ್ಪ ದೂರದಿಂದ ಎರಡೂ ಬಣ್ಣಗಳು ಕಲೆತುಹೋಗುತ್ತವೆ. ಮೀನಿನ ಕಣ್ಣು ನಮ್ಮ ಕಣ್ಣಿನಷ್ಟು ಸೂಕ್ಷ್ಮ ವಿವರಗಳನ್ನು ಬಿಡಿಸಿ ನೋಡಲಾರದಾದ್ದರಿಂದ ಬೇಟೆಗಾರನಿಗೆ ಅವು ಇನ್ನೂ ಬೇಗ ಕಲೆಯುತ್ತವೆ. ಹತ್ತಿರದಲ್ಲಿರುವ ಜೊತೆಗಾರನಿಗೆ ಸ್ಪಷ್ಟ ಗುರುತು, ದೂರದಲ್ಲಿರುವ ಶತ್ರುವಿಗೆ ಮಸುಕು. ಒಂದೇ ಬಣ್ಣ ಎರಡು ಕೆಲಸ ಮಾಡುತ್ತದೆ. ಇನ್ನೂ ಮುಂದೆ ಹೋದ ಮೀನುಗಳೂ ಇವೆ. ಆಂಬನ್ ಡ್ಯಾಮ್ಸೆಲ್ ಎಂಬ ಪುಟ್ಟ ಮೀನು ನಮಗೆ ಬರಿಯ ಹಳದಿಯಾಗಿ ಕಾಣುತ್ತದೆ. ಆದರೆ ಅದರ ಮುಖದ ಮೇಲೆ ನೇರಳಾತೀತ ಬೆಳಕಿನಲ್ಲಿ ಮಾತ್ರ ತೋರುವ ಚುಕ್ಕೆಗೆರೆಗಳ ಚಿತ್ತಾರವಿದೆ, ಅದನ್ನು ನೋಡಿ ಅದು ತನ್ನ ಜಾತಿಯನ್ನು ತನ್ನಂತೆಯೇ ಇರುವ ಇನ್ನೊಂದು ಜಾತಿಯಿಂದ ಬೇರ್ಪಡಿಸಿ ಗುರುತಿಸುತ್ತದೆ ಎಂದು 2010ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಅದನ್ನು ತಿನ್ನುವ ದೊಡ್ಡ ಮೀನುಗಳಲ್ಲಿ ಹೆಚ್ಚಿನವಕ್ಕೆ ಆ ಬೆಳಕು ಕಾಣುವುದೇ ಇಲ್ಲ.

ಇನ್ನು ಅಡಗಿಕೊಳ್ಳುವ ಉದ್ದೇಶವೇ ಇಲ್ಲದ ಬಣ್ಣಗಳು. ಇಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಜೀವಿ ನ್ಯೂಡಿಬ್ರ್ಯಾಂಕ್, ಅಂದರೆ ಬೆಳೆದ ಮೇಲೆ ಚಿಪ್ಪನ್ನು ಕಳೆದುಕೊಂಡಿರುವ ಕಡಲ ಬಸವನಹುಳು. ಇವುಗಳಲ್ಲಿ 3000ಕ್ಕೂ ಹೆಚ್ಚು ಜಾತಿಗಳಿವೆ. ಅಂಡಮಾನಿನಲ್ಲಿ ಹಗಲಿನಲ್ಲಿಯೇ ಬಂಡೆಯ ಮೇಲೆ ಬಯಲಾಗಿ ಸಿಗುವ ಫಿಲಿಡಿಯಾ ವ್ಯಾರಿಕೋಸಾವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಬೆರಳುದ್ದದ ಕಪ್ಪು ಮೈ, ಅದರ ಉದ್ದಕ್ಕೂ ಬೂದುನೀಲಿ ಏಣುಗಳು, ಏಣುಗಳ ಮೇಲೆ ಸಾಲಾಗಿ ಹಳದಿ ತುದಿಯ ಗಂಟುಗಳು, ತಲೆಯ ಮೇಲೆ ವಾಸನೆ ಹಿಡಿಯುವ ಎರಡು ಹಳದಿ ಕೊಂಬುಗಳು. ನಾವು ಮುಖ ಹತ್ತಿರ ತಂದರೂ ಅದು ಅವಸರಪಡುವುದಿಲ್ಲ. ನೀರಿನ ಅಲುಗಾಟಕ್ಕೆ ಕೊಂಬುಗಳನ್ನು ಒಮ್ಮೆ ಒಳಗೆಳೆದುಕೊಂಡು, ಮತ್ತೆ ಹೊರಚಾಚಿ, ತನ್ನ ಪಾಡಿಗೆ ತಾನು ತೆವಳುತ್ತದೆ. ಅದಕ್ಕೆ ಅಷ್ಟು ನೆಮ್ಮದಿ ಇರುವುದಕ್ಕೆ ಕಾರಣ ಅದರ ಊಟ. ಅದು ತಿನ್ನುವುದು ವಿಷವುಳ್ಳ ಸ್ಪಂಜುಗಳನ್ನು, ಆ ವಿಷವನ್ನೇ ತನ್ನ ಚರ್ಮದಲ್ಲಿ ಸಂಗ್ರಹಿಸಿಟ್ಟುಕೊಳ್ಳುತ್ತದೆ. ಮೀನುಗಳಿರುವ ತೊಟ್ಟಿಗೆ ಇದನ್ನು ಬಿಟ್ಟರೆ ಅದು ಸ್ರವಿಸುವ ರಸದಿಂದ ಉಳಿದ ಮೀನುಗಳು ಸಾಯಬಹುದು. ಒಮ್ಮೆ ಬಾಯಿ ಹಾಕಿ ಉಗುಳಿದ ಮೀನು ಆ ಕಪ್ಪು-ನೀಲಿ-ಹಳದಿಯನ್ನು ನೆನಪಿಟ್ಟುಕೊಳ್ಳುತ್ತದೆ. ಈ ಭಯದ ಲಾಭ ಪಡೆಯಲು ಬೇರೆ ಜೀವಿಗಳೂ ಬಂದಿವೆ: ಒಂದು ಜಾತಿಯ ಸಮುದ್ರ ಸೌತೆಯ ಮರಿ ಫಿಲಿಡಿಯಾದಂತೆಯೇ ಕಾಣುವ ವೇಷ ತೊಟ್ಟು ಬೆಳೆಯುತ್ತದೆ. ಇಷ್ಟೆಲ್ಲ ಬಣ್ಣ ಹೊತ್ತ ಈ ಬಸವನಹುಳುವಿನ ಕಣ್ಣಿಗಾದರೋ ಬೆಳಕು-ಕತ್ತಲೆಯ ವ್ಯತ್ಯಾಸಕ್ಕಿಂತ ಹೆಚ್ಚೇನೂ ತಿಳಿಯದು. ತನ್ನ ಬಣ್ಣವನ್ನು ಅದು ಎಂದೂ ನೋಡಿಲ್ಲ.

ನ್ಯೂಡಿಬ್ರ್ಯಾಂಕ್‌ಗಳಲ್ಲಿಯೇ ಇನ್ನೊಂದಾದ ಗ್ಲಾಕಸ್ ಅಟ್ಲಾಂಟಿಕಸ್ ತೆರೆದ ಕಡಲಿನ ಮೇಲ್ಮೈಯಲ್ಲಿ ಹೊಟ್ಟೆ ಮೇಲಾಗಿ ತೇಲುತ್ತದೆ. ಉದ್ದ ಸುಮಾರು 3 ಸೆಂ.ಮೀ. ಆಕಾಶದತ್ತ ತಿರುಗಿದ ಹೊಟ್ಟೆ ನೀಲಿ, ಮೇಲಿನಿಂದ ನೋಡುವ ಹಕ್ಕಿಗೆ ನೀರಿನ ಬಣ್ಣ. ಆಳದತ್ತ ತಿರುಗಿದ ಬೆನ್ನು ಬೆಳ್ಳಿಬೂದು, ಕೆಳಗಿನಿಂದ ನೋಡುವ ಮೀನಿಗೆ ಬಾನಿನ ಬಣ್ಣ. ಮಳೆಗಾಲದಲ್ಲಿ ಮುಂಬಯಿ, ಗೋವಾ ಕಡಲತೀರಗಳಿಗೆ ಬಂದು ಬೀಳುವ, ಪೋರ್ಚುಗೀಸ್ ಮ್ಯಾನ್ ಆಫ್ ವಾರ್ ಎಂದು ಕರೆಯುವ ನೀಲಿ ಗುಳ್ಳೆಯಂಥ ಜೀವಿಯೇ ಅದರ ಆಹಾರ. ಆ ಜೀವಿಯ ಕುಟುಕುಕೋಶಗಳನ್ನು ಸಿಡಿಯಗೊಡದೆ ನುಂಗಿ, ತನ್ನ ಬೆರಳಿನಂಥ ಚಾಚುಗಳ ತುದಿಗೆ ಸಾಗಿಸಿ, ತನ್ನದೇ ಆಯುಧವಾಗಿ ಬಳಸುತ್ತದೆ. ಆದ್ದರಿಂದ ದಡದಲ್ಲಿ ಇದು ಸಿಕ್ಕರೆ ಅಂಗೈ ಮೇಲೆ ಇಟ್ಟುಕೊಂಡು ಫೋಟೋ ತೆಗೆಯಬೇಡಿ.

ನೀಲಿ ಉಂಗುರದ ಆಕ್ಟೋಪಸ್ ಎಚ್ಚರಿಕೆಯನ್ನು ಸದಾ ತೋರಿಸುತ್ತಿರುವುದಿಲ್ಲ. ನಿರಾಳವಾಗಿರುವಾಗ ಅದು ಬಂಡೆಯ ಕಂದು ಬಣ್ಣಕ್ಕೆ ಹೊಂದಿಕೊಂಡಿರುತ್ತದೆ. ಕೆಣಕಿದರೆ ಉಂಗುರಗಳನ್ನು ಮುಚ್ಚಿದ ಚರ್ಮದ ಮಡಿಕೆಗಳನ್ನು ಸ್ನಾಯುಗಳಿಂದ ತೆರೆದು, ಒಂದು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಮೈತುಂಬ ನೀಲಿ ಮಿನುಗಿಸುತ್ತದೆ. ಪಫರ್ ಮೀನಿನಲ್ಲಿರುವ ಟೆಟ್ರೊಡೊಟಾಕ್ಸಿನ್ ಎಂಬ ವಿಷವೇ ಇದರ ಕಡಿತದಲ್ಲಿಯೂ ಇದೆ, ಅದಕ್ಕೆ ಪ್ರತಿವಿಷವಿಲ್ಲ. ನನಗೆ ಹೆಚ್ಚು ಸೋಜಿಗವೆನಿಸುವುದು ಇದರ ಬಳಗದ ಕಣ್ಣು. ಆಕ್ಟೋಪಸ್‌ಗಳು ಮತ್ತು ಕಟಲ್‌ಫಿಶ್‌ಗಳು, ಕರಾವಳಿಯವರಿಗೆ ಪರಿಚಿತವಾದ ಬೊಂಡಾಸಿನ (ಸ್ಕ್ವಿಡ್) ಈ ಹತ್ತಿರದ ನಂಟರು, ಬಹುತೇಕ ಎಲ್ಲವೂ ಒಂದೇ ಬಗೆಯ ಬೆಳಕುಗ್ರಾಹಿ ಕೋಶಗಳನ್ನು ಪಡೆದಿವೆ. ಎಂದರೆ ನಮ್ಮ ಅರ್ಥದಲ್ಲಿ ಬಣ್ಣಗುರುಡು. ಆದರೂ ಅವು ಸುತ್ತಲಿನ ಬಣ್ಣಕ್ಕೆ ಕ್ಷಣಮಾತ್ರದಲ್ಲಿ ಹೊಂದಿಕೊಳ್ಳುತ್ತವೆ. ಇದು ಹೇಗೆ ಸಾಧ್ಯವೆಂಬ ಬಗ್ಗೆ ವಿಜ್ಞಾನಿಗಳ ನಡುವೆ ಇಂದಿಗೂ ಚರ್ಚೆ ನಡೆಯುತ್ತಿದೆ.

ಇದಕ್ಕೆ ನೇರ ವಿರುದ್ಧ ಕಡೆಯಲ್ಲಿರುವುದು ನವಿಲು ಮ್ಯಾಂಟಿಸ್ ಸಿಗಡಿ. ಹಸಿರು, ಕೆಂಪು, ನೀಲಿ ಮೈಯ ಈ ಪ್ರಾಣಿ ತನ್ನ ಗದೆಯಂಥ ಮುಂಗಾಲನ್ನು ಸೆಕೆಂಡಿಗೆ 20 ಮೀಟರಿಗಿಂತ ಹೆಚ್ಚು ವೇಗದಲ್ಲಿ ಬೀಸಿ ಏಡಿ, ಶಂಖಗಳನ್ನು ಒಡೆಯುತ್ತದೆ. ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆಯವಾದರೆ ಇದರಲ್ಲಿ ಹನ್ನೆರಡು ಬಗೆಯವು. ಹಾಗಾದರೆ ನಾವು ಊಹಿಸಲಾರದ ಬಣ್ಣಗಳನ್ನು ಇದು ಕಾಣುತ್ತಿರಬೇಕು ಎಂದು ಅನೇಕರು ಬರೆದಿದ್ದಾರೆ, ನೀವೂ ಎಲ್ಲಾದರೂ ಓದಿರಬಹುದು. 2014ರಲ್ಲಿ ಪ್ರಕಟವಾದ ಪ್ರಯೋಗಗಳು ಬೇರೆಯದನ್ನು ಹೇಳುತ್ತವೆ: ಹತ್ತಿರ ಹತ್ತಿರದ ಎರಡು ಬಣ್ಣಗಳನ್ನು ಬೇರ್ಪಡಿಸುವುದರಲ್ಲಿ ಇದು ಮನುಷ್ಯರಿಗಿಂತ ಬಹಳ ಹಿಂದೆ. ಬಣ್ಣಗಳನ್ನು ಒಂದಕ್ಕೊಂದು ಹೋಲಿಸಿ ಲೆಕ್ಕಹಾಕುವ ಶ್ರಮವನ್ನು ಮಿದುಳಿಗೆ ಕೊಡದೆ, ಒಂದೊಂದು ಕೋಶದಿಂದ ಒಂದೊಂದು ಬಣ್ಣವನ್ನು ಥಟ್ಟನೆ ಗುರುತಿಸುವ ಏರ್ಪಾಡು ಇದಾಗಿರಬಹುದೆಂದು ಸಂಶೋಧಕರು ಭಾವಿಸುತ್ತಾರೆ. ಹೊಡೆದಾಟದಲ್ಲಿಯೇ ಬದುಕುವ ಪ್ರಾಣಿಗೆ ನಿಖರತೆಗಿಂತ ವೇಗ ಮುಖ್ಯವಾಗಿರುವುದು ಸಹಜವೆಂದು ನನಗೂ ತೋರುತ್ತದೆ.

ಬಣ್ಣ ಕರೆಯುವ ಕೆಲಸವನ್ನೂ ಮಾಡುತ್ತದೆ, ಅದಕ್ಕೆ ಕ್ಲೀನರ್ ರಾಸ್ ಮೀನನ್ನು ನೋಡಬೇಕು. ಇದು ಬೆರಳುದ್ದದ ಮೀನು. ಮೂತಿಯಿಂದ ಬಾಲದವರೆಗೆ ಕಪ್ಪು ಪಟ್ಟೆ, ಅದರ ಅಂಚಿಗೆ ಹೊಳೆಯುವ ನೀಲಿ. ಹವಳದ ಒಂದು ಗೊತ್ತಾದ ಮೂಲೆಯಲ್ಲಿ ಇದು ಮೇಲೆ ಕೆಳಗೆ ಕುಣಿಯುತ್ತಿದ್ದರೆ, ದೊಡ್ಡ ಮೀನುಗಳು ಕ್ಷೌರದಂಗಡಿಯ ಮುಂದೆ ಸರದಿ ಕಾಯುವವರಂತೆ ಬಂದು ನಿಲ್ಲುತ್ತವೆ. ಗುರಿಯಿಟ್ಟು ನುಂಗಬಲ್ಲ ಹಮ್ಮೂರು (ಗ್ರೂಪರ್) ಮೀನು ಬಾಯಿಯನ್ನೂ ಕಿವಿರುಗಳನ್ನೂ ಅಗಲವಾಗಿ ತೆರೆದು ಅಲುಗಾಡದೆ ನಿಲ್ಲುತ್ತದೆ. ಪುಟ್ಟ ಮೀನು ಅದರ ಹಲ್ಲುಗಳ ನಡುವೆಯೇ ಹೊಕ್ಕು ಪರೋಪಜೀವಿಗಳನ್ನು ಕಿತ್ತು ತಿಂದು ಕಿವಿರಿನ ಕಡೆಯಿಂದ ಹೊರಬರುತ್ತದೆ. ಆ ನೀಲಿ ಪಟ್ಟೆಯ ಮೇಲಿನ ನಂಬಿಕೆಯೇ ಇದೆಲ್ಲಕ್ಕೂ ಆಧಾರ. ಆ ನಂಬಿಕೆಯನ್ನು ಕದಿಯುವ ಬ್ಲೆನಿ ಜಾತಿಯ ಮೀನೊಂದು ಅದೇ ಪಟ್ಟೆ, ಅದೇ ಕುಣಿತ ಕಲಿತು, ಗಿರಾಕಿ ಬಾಯಿ ತೆರೆದು ನಿಂತಾಗ ಅದರ ರೆಕ್ಕೆಯ ತುಂಡನ್ನೇ ಕಚ್ಚಿಕೊಂಡು ಓಡುತ್ತದೆ. ಕ್ಲೀನರ್ ರಾಸ್‌ನ ಸಂಸಾರವೂ ವಿಶಿಷ್ಟವಾದದ್ದು: ಒಂದು ಗಂಡು, ಹಲವು ಹೆಣ್ಣುಗಳು, ಗಂಡು ಸತ್ತರೆ ಹೆಣ್ಣುಗಳಲ್ಲಿ ದೊಡ್ಡದು ಗಂಡಾಗಿ ಬದಲಾಗುತ್ತದೆ. ಎಲ್ಲರಿಗೂ ಗೊತ್ತಿರುವ ಕ್ಲೌನ್‌ಫಿಶ್‌ನಲ್ಲಿ ಇದು ತಿರುವುಮುರುವು, ಅಲ್ಲಿ ಹೆಣ್ಣು ಸತ್ತಾಗ ಅದರ ಗಂಡು ಜೊತೆಗಾರ ಹೆಣ್ಣಾಗುತ್ತದೆ.

ಎಲ್ಲ ಬಣ್ಣಕ್ಕೂ ನೋಡುವವರಿದ್ದಾರೆಂದು ಹಟ ಹಿಡಿಯಲಾಗದು. ಶಂಖ ಸಂಗ್ರಹಿಸುವವರು ಮೆಚ್ಚುವ ಕೋನ್ ಶಂಖಗಳ ಅಂದವಾದ ಚಿತ್ತಾರವು, ಅನೇಕ ಜಾತಿಗಳಲ್ಲಿ, ಪ್ರಾಣಿ ಬದುಕಿರುವಾಗ ಒಂದು ಕಂದು ಪೊರೆಯಡಿ ಮುಚ್ಚಿರುತ್ತದೆ. ಯಾರಿಗೂ ಕಾಣದ ಆ ಚಿತ್ತಾರಕ್ಕೆ ಏನು ಕೆಲಸವೆಂದು ಹೇಳುವುದು ಸುಲಭವಲ್ಲ. ಅದೇ ಶಂಖದೊಳಗಿನ ಹುಳು ವಿಷದ ಈಟಿ ಚುಚ್ಚಿ ಬೇಟೆಯನ್ನು ಹಿಡಿಯುತ್ತದೆ. ಕೋನಸ್ ಜಿಯೋಗ್ರಾಫಸ್ ಎಂಬ ಜಾತಿ ಮನುಷ್ಯರನ್ನೂ ಕೊಂದಿದೆ.

ಉಷ್ಣವಲಯದಲ್ಲಿಯೇ ಇದೆಲ್ಲ ಏಕೆ ಹೆಚ್ಚು ಎಂದರೆ, ಮುಖ್ಯ ಕಾರಣಗಳು ತಿಳಿನೀರು ಮತ್ತು ಇಕ್ಕಟ್ಟು. ಅಲ್ಲಿಯ ನೀರಿನಲ್ಲಿ ಪೋಷಕಾಂಶ ಕಡಿಮೆ, ಆದ್ದರಿಂದ ತೇಲುವ ಸೂಕ್ಷ್ಮ ಸಸ್ಯಗಳು ಕಡಿಮೆ, ಆದ್ದರಿಂದ ಬೆಳಕು ದೂರ ಸಾಗುತ್ತದೆ ಮತ್ತು ನೋಟಕ್ಕೆ ಬೆಲೆ ಬರುತ್ತದೆ. ಹವಳದ ದಿಬ್ಬಗಳು ಸಮುದ್ರತಳದ ಶೇಕಡ 1ಕ್ಕಿಂತ ಕಡಿಮೆ ಜಾಗದಲ್ಲಿದ್ದರೂ ಕಡಲಜೀವಿಗಳ ಸುಮಾರು ಕಾಲುಭಾಗ ಜಾತಿಗಳು ಅವನ್ನು ಒಂದಲ್ಲ ಒಂದು ಹಂತದಲ್ಲಿ ಅವಲಂಬಿಸಿವೆ. ಅಷ್ಟು ಜಾತಿಗಳು ಒತ್ತೊತ್ತಾಗಿ ಬದುಕುವಲ್ಲಿ ತನ್ನವರನ್ನು ಗುರುತಿಸುವುದು, ಶತ್ರುವನ್ನು ಹೆದರಿಸುವುದು, ಮೋಸ ಮಾಡುವುದು ಎಲ್ಲವೂ ಕಣ್ಣಿನ ಮೂಲಕವೇ ನಡೆಯುತ್ತವೆ. ಹಾಗೆಂದು ತಣ್ಣನೆಯ ಕಡಲುಗಳು ಬಣ್ಣಗೆಟ್ಟವೆಂದು ತಿಳಿಯಬಾರದು. ಅಲ್ಲಿಯೂ ಬಹಳ ಸುಂದರವಾದ ನ್ಯೂಡಿಬ್ರ್ಯಾಂಕ್‌ಗಳಿವೆ.

ಈ ಲೋಕಕ್ಕೆ ಆಧಾರವಾದ ಹವಳವೇ ಈಗ ಕಷ್ಟದಲ್ಲಿದೆ ಎಂಬುದನ್ನು ಹೇಳದೆ ಇರಲಾರೆ. ಹವಳಕ್ಕೆ ಕಂದು ಬಣ್ಣವನ್ನೂ ಆಹಾರದ ಬಹುಭಾಗವನ್ನೂ ಕೊಡುವುದು ಅದರ ಅಂಗಾಂಶದೊಳಗಿನ ಸೂಕ್ಷ್ಮ ಪಾಚಿ. ನೀರು ಮಿತಿಮೀರಿ ಬಿಸಿಯಾದಾಗ ಹವಳ ಆ ಪಾಚಿಯನ್ನು ಹೊರಹಾಕಿ ಬಿಳುಚಿಕೊಳ್ಳುತ್ತದೆ, ಬಿಸಿ ಮುಂದುವರಿದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗೆ ವ್ಯಾಪಕವಾಗಿ ಹವಳ ಬಿಳುಚಿತು. ಹವಳವನ್ನೇ ತಿಂದು ಬದುಕುವ ಚಿಟ್ಟೆಮೀನುಗಳ ಜಾತಿಗಳು ಹವಳ ಹೋದ ಕಡೆಯಿಂದ ಬೇಗನೆ ಕಣ್ಮರೆಯಾಗುತ್ತವೆ.

ಕಣ್ಣಾರೆ ನೋಡುವ ಆಸೆಯಿದ್ದರೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಬಹುದು. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ನಡೆಯುವುದಿಲ್ಲ. ಹವಳದ ಸಮೃದ್ಧಿ ಬೇಕೆಂದರೆ ಅಂಡಮಾನ್ ಅಥವಾ ಲಕ್ಷದ್ವೀಪವೇ ಸರಿ, ಲಕ್ಷದ್ವೀಪಕ್ಕೆ ಮುಂಚಿತವಾಗಿ ಪ್ರವೇಶಪತ್ರ ಪಡೆಯಬೇಕು. ಯಾವ ಜೀವಿಯನ್ನೂ ಮುಟ್ಟಬೇಡಿ, ಹವಳದ ಮೇಲೆ ಕಾಲೂರಬೇಡಿ, ಚೆಂದದ ಶಂಖ ಸಿಕ್ಕಿತೆಂದು ಎತ್ತಿ ಜೇಬಿಗೆ ಹಾಕಿಕೊಳ್ಳಬೇಡಿ. ದಿಬ್ಬ ಕಟ್ಟುವ ಹವಳಗಳು, ಕಡಲಕುದುರೆಗಳು, ದೈತ್ಯ ಕಪ್ಪೆಚಿಪ್ಪುಗಳು ಮತ್ತು ಸಮುದ್ರ ಸೌತೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ದಡದಲ್ಲಿ ಬಿದ್ದ ಸತ್ತ ಹವಳದ ತುಂಡನ್ನು ಊರಿಗೆ ತರುವುದೂ ಅಪರಾಧವಾಗುತ್ತದೆ.