ಕಾಮಿಕ್ಸ್‌ನ ಮೂಲ ಚಿತ್ರ ಮರುಮಾರಾಟವಾದರೆ ಕಲಾವಿದರಿಗೆ ಪಾಲು ಸಿಗುತ್ತದೆಯೇ?

ಯಾವ ದೇಶ ಅನ್ನೋದರ ಮೇಲಿದೆ. ಅಮೆರಿಕದ ಕಲಾವಿದ ಮೈಕ್ ಝೆಕ್ ಚಿತ್ರ ಬರೆದ, ಸ್ಪೈಡರ್‌ಮ್ಯಾನ್ ಇರುವ 1984ರ ಕಾಮಿಕ್ಸ್‌ನ ಒಂದೇ ಒಂದು ಪುಟ 2022ರಲ್ಲಿ ಡಲ್ಲಾಸ್‌ನ ಹರಾಜಿನಲ್ಲಿ 33.6 ಲಕ್ಷ ಡಾಲರ್‌ಗೆ ಹೋಯಿತು. ಅದರಲ್ಲಿ ಕಲಾವಿದನಿಗೆ ಪಾಲು ಕೊಡಲೇಬೇಕು ಎನ್ನುವ ಕಾನೂನು ಅಮೆರಿಕದಲ್ಲಿ ಇಲ್ಲ. ಫ್ರಾನ್ಸ್ ಈ ಹಕ್ಕನ್ನು 1920ರಲ್ಲೇ ಕೊಟ್ಟಿತು. ಈಗ ಯುರೋಪಿನ ಒಕ್ಕೂಟದಲ್ಲೆಲ್ಲ ಇದೆ, ಆದರೆ ಒಂದು ಮಾರಾಟದಲ್ಲಿ ಸಿಗುವ ಪಾಲಿಗೆ 12,500 ಯೂರೋ ಮಿತಿ.

ನಮ್ಮಲ್ಲೂ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ ಅಷ್ಟೇ. ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 53ಎ ಸೆಕ್ಷನ್ ನೋಡಿ. ಮೂಲ ಚಿತ್ರ 10,000 ರೂಪಾಯಿ ದಾಟಿ ಮರುಮಾರಾಟವಾದರೆ ಕಲಾವಿದರು ಪಾಲು ಕೇಳಬಹುದು, ಗರಿಷ್ಠ ಶೇ 10. ಆದರೆ ಅವರೇ ಆ ಚಿತ್ರದ ಕೃತಿಸ್ವಾಮ್ಯದ ಮೊದಲ ಹಕ್ಕುದಾರರಾಗಿರಬೇಕು. ಪ್ರಕಾಶಕರ ಬಳಿ ಸಂಬಳಕ್ಕಿದ್ದು ಬರೆದಿದ್ದರೆ ಆ ಪಾಲು ಕೈತಪ್ಪಬಹುದು. ಕಾಮಿಕ್ಸ್ ಕಲಾವಿದರಿಗೆ ಪೆಟ್ಟು ಬೀಳುವುದು ಇಲ್ಲೇ. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ.