ಕಲ್ಲುಹಾಸು ಹೊಸದು, ಜನ ಎಲ್ಲಿ?

ಪ್ರಶ್ನೆ: ಪಾಳುಬಿದ್ದ ಡೌನ್‌ಟೌನ್‌ಗಳನ್ನು, ಅಂದರೆ ಊರಿನ ನಡುಪೇಟೆಗಳನ್ನು, ಮತ್ತೆ ಚೆಂದ ಮಾಡಿದ ಫೋಟೋಗಳು ಎಲ್ಲೆಲ್ಲೂ ಕಾಣುತ್ತವೆ. ಕೆಲವು ಕಡೆ ಜನ ಗಿಜಿಗುಡುತ್ತಾರೆ. ಕೆಲವು ಕಡೆ ಅಷ್ಟೇ ದುಡ್ಡು ಸುರಿದರೂ ಬೀದಿ ಬಿಕೋ ಎನ್ನುತ್ತದೆ. ಬೀದಿಗೆ ಕಳೆ ಬರುವುದು ಯಾವುದರಿಂದ?

ಉತ್ತರ: ಬಾಗಿಲುಗಳಿಂದ. ಯಾವ ಊರಿನ ಬೀದಿಗೆ ಹೋದರೂ ನಾನು ಮೊದಲು ನೋಡುವುದು ಅವನ್ನೇ. ದೀಪದ ಕಂಬ, ಕಲ್ಲುಹಾಸು, ಕಾರಂಜಿ ಎಲ್ಲ ಆಮೇಲೆ.

ಡೆನ್ಮಾರ್ಕ್‌ನ ವಾಸ್ತುಶಿಲ್ಪಿ ಯಾನ್ ಗೆಲ್ ಬೀದಿಗಳನ್ನು ದಶಕಗಳ ಕಾಲ ಗಮನಿಸಿದವರು. 100 ಮೀಟರ್ ಉದ್ದಕ್ಕೆ 15ರಿಂದ 20 ಬಾಗಿಲುಗಳಿದ್ದರೆ ಆ ಬೀದಿಗೆ ಜೀವ ಇರುತ್ತದೆ ಎನ್ನುವುದು ಅವರ ಲೆಕ್ಕ. ಅಂದರೆ ಆರಾಮಾಗಿ ನಡೆಯುವವರ ಕಣ್ಣಿಗೆ ನಾಲ್ಕೈದು ಸೆಕೆಂಡಿಗೊಮ್ಮೆ ಹೊಸದೇನೋ ಬೀಳುತ್ತದೆ. ಒಂದು ಕಿಟಕಿಯೊಳಗೆ ಗಡಿಯಾರ ಬಿಚ್ಚಿಕೊಂಡು ಕೂತವರು. ಪಕ್ಕದಲ್ಲಿ ಹೊಸ್ತಿಲ ಹೊರಗೆ ಜೋಡಿಸಿಟ್ಟ ಹಳೇ ಪುಸ್ತಕಗಳು. ಅದರಾಚೆ ಕ್ಷೌರದಂಗಡಿಯ ಕನ್ನಡಿ. ಕಾಲು ತಾನಾಗೇ ನಿಧಾನವಾಗುತ್ತದೆ. ಅದೇ ಜಾಗದಲ್ಲಿ ಉದ್ದನೆಯ ಖಾಲಿ ಗೋಡೆಯೋ ಪಾರ್ಕಿಂಗ್ ಕಟ್ಟಡವೋ ಇದ್ದರೆ ಸರಸರ ಹೆಜ್ಜೆ ಹಾಕಿ ದಾಟಿಬಿಡುತ್ತೇವೆ, ಅಲ್ವಾ?

ಇಷ್ಟೊಂದು ಬಾಗಿಲು ಎಲ್ಲಿಂದ ಬರಬೇಕು? ಹಳೇ ಕಟ್ಟಡಗಳಿಂದ. ಅವುಗಳ ಮುಂಭಾಗ ಕಿರಿದು, ಬಾಡಿಗೆ ಕಮ್ಮಿ. ನಗರಗಳ ಬಗ್ಗೆ ಬರೆದ ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಇದನ್ನು ವಾದಿಸಿದ್ದರು: ಹೊಸ ಕಟ್ಟಡದ ಬಾಡಿಗೆ ದೊಡ್ಡ ಕಂಪನಿಗಳಿಗೆ ಮಾತ್ರ ಕೈಗೆಟುಕುತ್ತದೆ, ಹೊಸ ಸಾಹಸಕ್ಕೆ ಇಳಿಯುವ ಸಣ್ಣವರಿಗೆ ಹಳೇ ಕಟ್ಟಡವೇ ಗತಿ. ಎಲ್ಲ ಕೆಡವಿ ಕಟ್ಟಿದ ಕಡೆ ಎಲ್ಲ ಊರಲ್ಲೂ ಇರುವ ಅದದೇ ಬೋರ್ಡುಗಳು ಕಾಣುವುದು ಇದಕ್ಕೇ. ಅಮೆರಿಕದ ಡೆನ್ವರ್‌ನಲ್ಲಿ ಡೇನಾ ಕ್ರಾಫರ್ಡ್ ಎಂಬ ಮಹಿಳೆ 1960ರ ದಶಕದಲ್ಲಿ ಹೂಡಿಕೆದಾರರನ್ನು ಕೂಡಿಸಿಕೊಂಡು, ನೆಲಸಮವಾಗಲಿದ್ದ ಲಾರಿಮರ್ ಸ್ಕ್ವೇರ್‌ನ ಕಟ್ಟಡಗಳನ್ನು ಉಳಿಸಿದರು. ಸುತ್ತಲಿನ ಎಷ್ಟೋ ಹಳೇ ಕಟ್ಟಡಗಳು ನೆಲಕ್ಕುರುಳಿದವು. ಆ ಬ್ಲಾಕ್ ಇವತ್ತಿಗೂ ನಿಂತಿದೆ. ಅಂಥವರ ಬಗ್ಗೆ ನನಗೆ ತುಂಬಾ ಗೌರವ.

ಬೀದಿಗೆ ಕಾರು ಬಾರದಂತೆ ತಡೆದರೆ ಸಾಕು, ಅದು ಚಿಗುರುತ್ತದೆ ಎನ್ನುವವರೂ ಇದ್ದಾರೆ. ಬರೀ ಅಷ್ಟರಿಂದ ಆಗುವುದಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರು 1959ರಲ್ಲೇ ತನ್ನ ಅಂಗಡಿಬೀದಿಗೆ ಕಾರು ಬಾರದಂತೆ ಮಾಡಿತು. 1998ರ ಹೊತ್ತಿಗೆ ಅದರ ಒಂದು ಭಾಗಕ್ಕೆ ಮತ್ತೆ ಕಾರು ಬಿಡಬೇಕಾಯಿತು. ಜನ ಹೊರವಲಯಕ್ಕೆ ಮನೆ ಬದಲಿಸಿದ್ದರು, ಮಾಲ್‌ಗಳೂ ಅಲ್ಲೇ ಎದ್ದಿದ್ದವು. ಕೋಪನ್‌ಹೇಗನ್ 1962ರಲ್ಲಿ ಸ್ಟ್ರೋಯೆಟ್ ಬೀದಿಗೆ ಕಾರು ಬಿಡುವುದನ್ನು ನಿಲ್ಲಿಸಿತು, ಅದು ಇಂದಿಗೂ ತುಂಬಿ ತುಳುಕುತ್ತದೆ. ಅಲ್ಲಿ ಕೆಲಸ, ಓದು, ಮನೆ ಎಲ್ಲವೂ ನಡುಪೇಟೆಯ ಹತ್ತಿರವೇ ಉಳಿದಿದ್ದವು. ಅಂಗಡಿಯ ಮೇಲೆ ಮನೆ ಇರಬೇಕು. ಸಂಜೆ ಷಟರ್ ಎಳೆದ ಮೇಲೂ ಮೇಲಿನ ಕಿಟಕಿಯಲ್ಲಿ ದೀಪ ಉರಿಯುತ್ತಿದ್ದರೆ ಕೆಳಗೆ ನಡೆಯುವವರಿಗೆ ಧೈರ್ಯ.

ಕೂರಲು ಜಾಗವನ್ನಂತೂ ಮರೆಯಲೇಬೇಡಿ. ನ್ಯೂಯಾರ್ಕ್‌ನ ಬ್ರಯಂಟ್ ಪಾರ್ಕ್ ಒಂದು ಕಾಲಕ್ಕೆ ಮಾದಕವಸ್ತು ಮಾರುವವರ ಅಡ್ಡೆ. 1992ರಲ್ಲಿ ಮತ್ತೆ ತೆರೆದಾಗ, ಎಲ್ಲಿಗೆ ಬೇಕಾದರೂ ಎಳೆದುಕೊಳ್ಳುವಂಥ ಹಗುರ ಕುರ್ಚಿಗಳನ್ನು ಇಟ್ಟರು. ಅದಕ್ಕೆ ಸಲಹೆ ಕೊಟ್ಟಿದ್ದ ವಿಲಿಯಂ ವೈಟ್ ಒಂದು ಸಂಗತಿ ಗಮನಿಸಿದ್ದರು: ಜನ ಕೂರುವ ಮುಂಚೆ ಕುರ್ಚಿಯನ್ನು ಒಂದೆರಡು ಇಂಚು ಸುಮ್ನೆ ಸರಿಸುತ್ತಾರೆ. ಅಗತ್ಯವೇನೂ ಇರುವುದಿಲ್ಲ. ಆದರೆ ಅಷ್ಟಕ್ಕೇ ಆ ಜಾಗ ತಮ್ಮದಾಗುತ್ತದೆ. ನೆಲಕ್ಕೆ ಬೋಲ್ಟ್ ಹಾಕಿದ ಬೆಂಚಿನಲ್ಲಿ ಈ ಸುಖ ಎಲ್ಲಿ?

ಪ್ರಶ್ನೆ: ಬೀದಿ ಚೆಂದವಾದ ಮೇಲೆ ಬಾಡಿಗೆ ಏರಿ, ಅದಕ್ಕೆ ಕಳೆ ಕೊಟ್ಟವರೇ ಜಾಗ ಬಿಡಬೇಕಾಗುತ್ತದಲ್ಲ?

ಉತ್ತರ: ಹೌದು, ನನ್ನನ್ನು ಜಾಸ್ತಿ ಕಾಡುವುದೂ ಇದೇ. ಮಾಲೀಕತ್ವ ಯಾರ ಕೈಯಲ್ಲಿದೆ ಎನ್ನುವುದನ್ನು ಮೊದಲೇ ಇತ್ಯರ್ಥ ಮಾಡಬೇಕು, ಬಾಡಿಗೆ ಏರಿದ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಸಿಯಾಟಲ್‌ನ ಪೈಕ್ ಪ್ಲೇಸ್ ಮಾರುಕಟ್ಟೆಯನ್ನು ಕೆಡವುವ ಯೋಜನೆ ಬಂದಾಗ, 1971ರಲ್ಲಿ ಊರಿನವರು ಮತ ಹಾಕಿ ಅದನ್ನು ಉಳಿಸಿಕೊಂಡರು. 1973ರಲ್ಲಿ ಅದಕ್ಕೆಂದೇ ಒಂದು ಸಾರ್ವಜನಿಕ ಸಂಸ್ಥೆ ಹುಟ್ಟಿತು. ಅಲ್ಲಿನ ಹೆಚ್ಚಿನ ಕಟ್ಟಡಗಳ ಒಡೆತನ ಅದರದೇ. ಹೊರಗಿನ ಚೈನ್ ಅಂಗಡಿಗಳಿಗೆ ಸಾಮಾನ್ಯವಾಗಿ ಅಲ್ಲಿ ಜಾಗವಿಲ್ಲ. ಮಾರುಕಟ್ಟೆಯ ಆವರಣದಲ್ಲೇ 400ಕ್ಕೂ ಹೆಚ್ಚು ಜನ ವಾಸವಿದ್ದಾರೆ, ಅವರಲ್ಲಿ ಬಹಳಷ್ಟು ಮಂದಿ ಕಡಿಮೆ ಆದಾಯದ ಹಿರಿಯರು.