ಏರ್‌ಬ್ಯಾಗ್ ದೀಪ ಆರುತ್ತಿಲ್ಲ: ಕಂಟ್ರೋಲ್ ಯೂನಿಟ್ ಬದಲಿಸಲೇಬೇಕಾ?

ಏರ್‌ಬ್ಯಾಗ್ ದೀಪ ಆರುತ್ತಿಲ್ಲ ಅಂತ ತುಮಕೂರಲ್ಲಿ ಗಾಡಿ ತೋರಿಸಿದಾಗ ಮೆಕ್ಯಾನಿಕ್ 'ಯೂನಿಟ್ಟೇ (ಬ್ಯಾಗ್ ಯಾವಾಗ ಸಿಡಿಯಬೇಕು ಅಂತ ನಿರ್ಧರಿಸುವ ಪೆಟ್ಟಿಗೆ) ಹೋಗಿದೆ, ಹೊಸದು ಹಾಕಿ' ಅಂದರು, ಸ್ಕ್ಯಾನ್ ಮಾತ್ರ ಮಾಡಲಿಲ್ಲ ಅಂತ ಬರೆದಿದ್ದೀರಿ. ಹಾಗಾದರೆ ದುಡ್ಡು ಬಿಚ್ಚಬೇಡಿ.

ಮೊದಲು ಸ್ಕ್ಯಾನರ್ ಹಾಕಿಸಿ ಕೋಡ್ ಓದಿಸಿ, ಅಂದರೆ ಯಾವ ಭಾಗದಲ್ಲಿ ದೋಷ ಅಂತ ಗಾಡಿ ತಾನೇ ದಾಖಲಿಸಿಟ್ಟ ಸಂಕೇತ. ಅಗ್ಗದ ಸ್ಕ್ಯಾನರ್‌ಗಳು ಬಹುತೇಕ ಎಂಜಿನ್ ಕೋಡ್ ಅಷ್ಟೇ ತೋರಿಸೋದು. ಏರ್‌ಬ್ಯಾಗ್ ಕೋಡ್‌ಗಳು 'ಬಿ' ಅಕ್ಷರದಿಂದ ಶುರುವಾಗುತ್ತವೆ, ಅದನ್ನು ಓದುವ ಸ್ಕ್ಯಾನರ್ರೇ ಬೇಕು. ಶಿರಾ ಗೇಟ್ ಕಡೆಯೋ ಬಿ.ಎಚ್. ರಸ್ತೆಯಲ್ಲೋ ವಿಚಾರಿಸಿ, ಇಲ್ಲವೇ ಕಂಪನಿ ಸರ್ವಿಸ್‌ಗೆ ಹೋಗಿ.

ಡ್ರೈವರ್ ಬ್ಯಾಗಿನ ಕೋಡ್ ಬಂದು, ಹಾರ್ನ್ ಕೂಡ ಕೈಕೊಟ್ಟಿದ್ದರೆ ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ (ಸ್ಟೀರಿಂಗ್ ತಿರುಗಿದರೂ ಬ್ಯಾಗ್, ಹಾರ್ನ್ ಸಂಪರ್ಕ ತಪ್ಪದಂತೆ ಇಡುವ ಸುರುಳಿ ವೈರ್) ಮೇಲೆ ಅನುಮಾನ. ಸೀಟು ಹಿಂದೆ ಮುಂದೆ ಸರಿಸಿದ ಮೇಲೆ ದೀಪ ಹತ್ತಿದ್ದರೆ ಸೀಟಿನಡಿಯ ಹಳದಿ ಕನೆಕ್ಟರ್ ಸಡಿಲ ಆಗಿರಬಹುದು. ಬ್ಯಾಟರಿ ವೀಕಾದರೂ ಕೋಡ್ ಬೀಳುತ್ತೆ. ಯೂನಿಟ್ ನಿಜಕ್ಕೂ ಹೋಗೋದು ಸಾಮಾನ್ಯವಾಗಿ ಅಪಘಾತದಲ್ಲಿ ಬ್ಯಾಗ್ ಸಿಡಿದ ಮೇಲೆ, ಅಥವಾ ಕಾರಿನೊಳಗೆ ನೀರು ನುಗ್ಗಿದಾಗ. ಯೂನಿಟ್ ಹೆಚ್ಚಾಗಿ ಗೇರ್ ಲಿವರ್ ಹತ್ತಿರ ತಳದಲ್ಲೇ ಇರುತ್ತೆ ನೋಡಿ.

ಏರ್‌ಬ್ಯಾಗ್ ವೈರಿಗೆ ಮಲ್ಟಿಮೀಟರ್ ಇಟ್ಟು ನೋಡೋ ಸಾಹಸ ಮಾತ್ರ ಬೇಡವೇ ಬೇಡ, ಬ್ಯಾಗ್ ಸಿಡಿಯಬಹುದು. ಬ್ಯಾಟರಿ ಕಳಚಿದ ಮೇಲೂ ಯೂನಿಟ್‌ನ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತೆ, ಮ್ಯಾನ್ಯುಯಲ್ ಹೇಳಿದಷ್ಟು ನಿಮಿಷ ಕಾಯಲೇಬೇಕು.